ತನಾಕಾ-ಬಿನೆ ಐಕ್ಯೂ ಟೆಸ್ಟ್ (2003ರ ಆವೃತ್ತಿ): ಮಗುವಿಗೆ ಮಾಡಿಸಬಹುದಾ?

ಜಪಾನಿನಲ್ಲಿ ಬುದ್ಧಿಮತ್ತೆ (ಐಕ್ಯೂ) ಅಳೆಯುವ ಈ ಟೆಸ್ಟ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ತರಬೇತಿ ಇದ್ದವರಿಗೆ ಮಾತ್ರ ಕಿಟ್ ಕೊಡುತ್ತಾರೆ. ಒಳಗಿನ ಪ್ರಶ್ನೆಗಳನ್ನು ನಾನೂ ಇಲ್ಲಿ ಬರೆಯುವುದಿಲ್ಲ, ಬರೆದರೆ ಟೆಸ್ಟೇ ಕೆಡುತ್ತದೆ. ಆದರೆ ಜಪಾನಿನಲ್ಲಿರುವ ನಮ್ಮವರು ಇದನ್ನು ಮಾಡಿಸಬಹುದಾ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈ ಟೆಸ್ಟ್ ಇಷ್ಟ. ಬೇರೆ ದೇಶದ ಪ್ರಶ್ನೆಗಳನ್ನು ಸುಮ್ನೆ ಜಪಾನಿ ಭಾಷೆಗೆ ಇಳಿಸಿದ್ದಲ್ಲ ಇದು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ಪ್ಯಾರಿಸ್‌ನಲ್ಲಿ 1905ರಲ್ಲಿ ಮಾಡಿದ ಟೆಸ್ಟನ್ನು ಮಿಯಾಕೆ ಕೊಯಿಚಿ ಎಂಬ ಮನೋವೈದ್ಯರೂ ಇಕೆದಾ ಎಂಬುವರೂ 1908ಕ್ಕೇ ಜಪಾನಿನಲ್ಲಿ ಪರಿಚಯಿಸಿದ್ದರು. ಆದರೆ ಪ್ಯಾರಿಸ್‌ನ ಆರು ವರ್ಷದ ಮಗುವಿಗೆ ಸುಲಭವಾದದ್ದು ಒಸಾಕಾದ ಮಗುವಿಗೂ ಸುಲಭವಾಗಿರಬೇಕು ಅಂತ ಏನಿದೆ? ಒಸಾಕಾದ ಸುಝುಕಿ ಹರುತಾರೊ ಪ್ರಶ್ನೆಗಳನ್ನು ಜಪಾನಿ ಮಕ್ಕಳಿಗೇ ಕೊಟ್ಟು ನೋಡಿ, ಯಾವುದು ಯಾವ ವಯಸ್ಸಿಗೆ ಕೂರುತ್ತದೆ ಅಂತ ಹೊಂದಿಸಿ 1930ರಲ್ಲಿ ತಮ್ಮ ಆವೃತ್ತಿ ತಂದರು. ಈ ಟೆಸ್ಟಿಗೆ ಹೆಸರು ಕೊಟ್ಟ ತನಾಕಾ ಕಾನ್‌ಇಚಿ ಅವರದು 1947ರದ್ದು, ಬಿನೆ ಟೆಸ್ಟಿನ ಅಮೆರಿಕನ್ ರೂಪವಾದ 1937ರ ಸ್ಟ್ಯಾನ್‌ಫರ್ಡ್-ಬಿನೆ ಅದಕ್ಕೆ ಆಧಾರ. ಆಮೇಲೆ 1954, 1970, 1987, 2003 ಅಂತ ತಿದ್ದುತ್ತಲೇ ಬಂದಿದ್ದಾರೆ.

ಇಲ್ಲಿ ನಮ್ಮ ಧಾರವಾಡ ನೆನಪಾಗದೆ ಇರುತ್ತಾ? ವಿ.ವಿ. ಕಾಮತ್ 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗಾಗಿ ಬಿನೆ ಟೆಸ್ಟನ್ನು ಹೊಂದಿಸಿದ್ದರು, ಅಂದರೆ ತನಾಕಾಗಿಂತ ಮೊದಲೇ. ಆ ಬಿನೆ-ಕಾಮತ್ ಟೆಸ್ಟಿನ ಅಳತೆಗೋಲು ಹಳೆಯದಾಯಿತು ಅನ್ನುವ ದೂರು ಇವತ್ತಿಗೂ ಇದೆ. ಜಪಾನಿನವರ ಹಾಗೆ ಬಿಡದೆ ತಿದ್ದುವವರು ನಮಗೂ ಬೇಕಿತ್ತು.

ಕೆಲಸ ಮಾಡುವ ರೀತಿ ಸರಳ. 1ರಿಂದ 13 ವರ್ಷದ ಮಟ್ಟದವರೆಗೆ 96 ಪ್ರಶ್ನೆ, ದೊಡ್ಡವರಿಗೆ 17. ಮೂರು ವರ್ಷದವರೆಗೆ ಒಂದೊಂದು ವಯಸ್ಸಿಗೆ 12, ಆಮೇಲೆ ಆರಾರು. ಆಟದ ಸಾಮಾನು, ಚಿತ್ರ ಎಲ್ಲ ಇರುವುದರಿಂದ ಪುಟ್ಟ ಮಕ್ಕಳು ಬೇಸರಪಡುವುದು ಕಡಿಮೆ. ಕೊನೆಗೆ ಮಾನಸಿಕ ವಯಸ್ಸು, ಅಂದರೆ ಮಗುವಿನ ಉತ್ತರಗಳು ಯಾವ ವಯಸ್ಸಿನ ಮಟ್ಟದ್ದು ಅನ್ನುವುದು ಸಿಗುತ್ತದೆ. ಅದನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಐಕ್ಯೂ. ಆರು ವರ್ಷದ ಮಗುವಿಗೆ ಅದು ಏಳೂವರೆ ಬಂದರೆ ಐಕ್ಯೂ 125. ಅಪ್ಪ ಅಮ್ಮನಿಗೆ ಬೇಗ ಅರ್ಥವಾಗುತ್ತದೆ.

ತಕರಾರೂ ಇದೆ. 14 ವರ್ಷ ತುಂಬಿದ ಮೇಲೆ ಲೆಕ್ಕವೇ ಬೇರೆ, ಆಗ ಅದೇ ವಯಸ್ಸಿನ ಗುಂಪಿನ ಸರಾಸರಿಗೆ ಹೋಲಿಸಿ ಅಂಕ ಕೊಡುತ್ತಾರೆ. ಹಾಗಾಗಿ 13ರಲ್ಲಿ ಬಂದ ಐಕ್ಯೂ ಮತ್ತು 15ರಲ್ಲಿ ಬಂದ ಐಕ್ಯೂ ಪಕ್ಕಪಕ್ಕ ಇಟ್ಟು 'ಇಳಿದುಹೋಯಿತಲ್ಲ' ಅಂತ ಗಾಬರಿಯಾಗಬೇಡಿ. ಇನ್ನೊಂದು, ಚಿಕ್ಕ ಮಕ್ಕಳಿಗೆ ಸಿಗುವುದು ಒಂದೇ ಅಂಕಿ. ಮಗು ಮಾತಿನಲ್ಲಿ ಹಿಂದೆಯೋ, ನೆನಪಿನಲ್ಲೋ ಅಂತ ಬಿಡಿಸಿ ತಿಳಿಯಬೇಕಾದರೆ ವೆಕ್ಸ್ಲರ್ ಎಂಬ ಇನ್ನೊಂದು ಐಕ್ಯೂ ಟೆಸ್ಟೇ ಸರಿ. ಮಕ್ಕಳ ವೆಕ್ಸ್ಲರ್ ಜಪಾನಿನಲ್ಲಿ 1953ರಿಂದಲೇ ಇದೆ, ಅದರಲ್ಲೂ ಎಬಿಸಿಡಿ ಜಾಗಕ್ಕೆ ಜಪಾನಿ ಭಾಷೆಯ ಕಾನಾ ಅಕ್ಷರ ತಂದಿದ್ದಾರೆ.

ಬೌದ್ಧಿಕ ಅಂಗವೈಕಲ್ಯದ ಸರ್ಕಾರಿ ಕಾರ್ಡಿಗೂ (ರ್‍ಯೋಇಕು ತೆಚೋ) ಈ ಅಂಕ ನೋಡುತ್ತಾರೆ. ಐಕ್ಯೂ ಎಷ್ಟರ ಒಳಗಿರಬೇಕು ಅನ್ನುವ ಗೆರೆ ಕೆಲವು ಕಡೆ 70, ಕೆಲವು ಕಡೆ 75. ಮನೆಯಲ್ಲಿ ಕನ್ನಡ ಮಾತಾಡುವ, ಜಪಾನಿ ಭಾಷೆ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇದು ಸುಮ್ನೆ ವಿಷಯವಲ್ಲ, ಅಲ್ವಾ? ಭಾಷೆ ಬಾರದ್ದಕ್ಕೇ ಅಂಕ ಇಳಿದುಬಿಡಬಹುದು, ಅದಕ್ಕೇ ಅಂಥ ಮಗುವಿಗೆ ಈಗಲೇ ಬೇಡ ಅಂತೀನಿ. ಮಾಡಿಸಲೇಬೇಕು ಅಂದರೆ ಮನೆಯ ಭಾಷೆ ಯಾವುದು, ಜಪಾನಿಗೆ ಬಂದು ಎಷ್ಟು ದಿನವಾಯಿತು ಅನ್ನುವುದನ್ನು ವರದಿಯಲ್ಲಿ ಬರೆಸಿಕೊಳ್ಳಿ. ಅಲ್ಲೇ ಹುಟ್ಟಿ ಬೆಳೆದು ಅಲ್ಲಿನ ಶಾಲೆಗೇ ಹೋಗುವ ಮಕ್ಕಳಿಗಾದರೆ ಧಾರಾಳವಾಗಿ ಮಾಡಿಸಿ. ಐದಕ್ಕೆ ನಾಲ್ಕು ಸ್ಟಾರ್.