ಕಾರಿನ ಬಣ್ಣ ಚಕ್ಕೆ ಎದ್ದರೆ ಟಚ್‌ಅಪ್ ಬಾಟಲಿಯಾ, ಸ್ಪ್ರೇ ಕ್ಯಾನಾ?

ಬಾನೆಟ್ ಮೇಲೆ ಕಲ್ಲು ಸಿಡಿದು ಅಕ್ಕಿಕಾಳಿನಷ್ಟು ಬಣ್ಣ ಹಾರಿದ್ದರೆ ನನ್ನ ಓಟು ಟಚ್‌ಅಪ್ ಬಾಟಲಿಗೆ, ಅಂದರೆ ಬ್ರಶ್ ಇರುವ ಪುಟ್ಟ ಬಣ್ಣದ ಬಾಟಲಿಗೆ. ಅಷ್ಟು ಚಿಕ್ಕ ಚುಕ್ಕೆಗೆ ಸ್ಪ್ರೇ ಹೊಡೆಯಲು ಸುತ್ತ ಟೇಪು, ಪೇಪರ್ ಅಂಟಿಸಬೇಕು. ಅಂಚಿನಲ್ಲಿ ಗೆರೆ ಉಳಿಯುವ ಭಯ ಬೇರೆ.

ಬಾಟಲಿಯ ಬ್ರಶ್ ಕೂಡ ಇಂಥ ಕೆಲಸಕ್ಕೆ ದಪ್ಪವೇ. ಟೂತ್‌ಪಿಕ್ ತುದಿಯಲ್ಲಿ ಒಂದು ಹನಿ ತಗೊಂಡು ಗುಂಡಿಯ ನಡುವೆ ಮುಟ್ಟಿಸಿ, ಬಣ್ಣ ತಾನೇ ಹರಡಿಕೊಳ್ಳುತ್ತದೆ. ಒಣಗಿದಾಗ ಕುಗ್ಗುತ್ತದೆ. ಅದಕ್ಕೇ ಒಂದೇ ಸಲ ತುಂಬಬೇಡಿ, ತೆಳುವಾಗಿ ಎರಡು ಮೂರು ಸಲ ಹಾಕಿ. ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ. ಲೋಹ ಕಾಣುತ್ತಿದ್ದರೆ ಮೊದಲು ಪ್ರೈಮರ್ (ಬಣ್ಣಕ್ಕೂ ಮುಂಚೆ ಹಚ್ಚುವ ತಳಪದರ) ಬೇಕೇ ಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ಅಲ್ವಾ?

ಬಂಪರ್ ಮೂಲೆ ಉಜ್ಜಿ ಅಂಗೈ ಅಗಲ ಬಣ್ಣ ಹೋಗಿದ್ದರೆ ಮಾತ್ರ ಸ್ಪ್ರೇ ಕ್ಯಾನ್ ಸರಿ. ಅಷ್ಟು ಜಾಗದಲ್ಲಿ ಬ್ರಶ್ ಗುರುತು ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಬಂಪರ್‌ಗೆ ಅದರದೇ ಪ್ರೈಮರ್ ಹಾಕಿ. ಧೂಳಿಲ್ಲದ ತೆರೆದ ಜಾಗದಲ್ಲಿ, ಮಾಸ್ಕ್ ಹಾಕಿಕೊಂಡೇ ಹೊಡೆಯಿರಿ.

ಯಾವುದೇ ಆಗಲಿ, ಸುಮ್ನೆ ‘ಬಿಳಿ ಕೊಡಿ’ ಅನ್ನಬೇಡಿ. ಬಿಳಿಯಲ್ಲೇ ಹಲವು ಛಾಯೆಗಳಿವೆ. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಹುಡುಕಿ, ಅದನ್ನೇ ಕೇಳಿ. ಸಿಲ್ವರ್ ಮೆಟಾಲಿಕ್ ಕಾರಾದರೆ ಕೋಡ್ ಸರಿಯಿದ್ದರೂ ಹತ್ತಿರದಿಂದ ತೇಪೆ ಕಾಣುವುದೇ ಜಾಸ್ತಿ.