ಕಾರವಾರದಿಂದ ಮಿರ್ಜಾನಿಗೆ ಒಂದು ದಿನದ ಪ್ರವಾಸ: ವಾಹನ ಚೆನ್ನಾಗಿದೆ, ವಿವರಣೆಗೆ ತಿದ್ದುಪಡಿ ಬೇಕು

ಕಾರವಾರದ ಪ್ರವಾಸ ಸಂಸ್ಥೆಯೊಂದು ಭಾನುವಾರಗಳಂದು ನಡೆಸುವ ಒಂದು ದಿನದ ಪ್ರವಾಸಕ್ಕೆ ಕಳೆದ ತಿಂಗಳು ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ತಲೆಗೆ 1,400 ರೂಪಾಯಿ. ಮಧ್ಯಾಹ್ನದ ಊಟವೂ ಪ್ರವೇಶದ ಟಿಕೆಟ್ಟುಗಳೂ ಅದರಲ್ಲೇ ಸೇರಿವೆ. ಹನ್ನೆರಡು ಆಸನಗಳ ಟೆಂಪೋ ಟ್ರಾವೆಲರ್ ಹೇಳಿದ ಹೊತ್ತಿಗೆ ಹೊರಟಿತು, ಚಾಲಕರು ಹೆದ್ದಾರಿಯಲ್ಲಿ ಅವಸರ ಮಾಡಲಿಲ್ಲ, ಅಂಕೋಲೆಯಲ್ಲಿ ಕೊಡಿಸಿದ ಊಟದ ಇಸವಾಣ ಮೀನು ತಾಜಾ ಆಗಿತ್ತು, ಕೋಕಮ್ಮಿನ ಸೋಲ್ ಕಡಿಯನ್ನು ಎರಡನೆಯ ಸಲವೂ ಕೇಳದೆಯೇ ಬಡಿಸಿದರು. ಇದಕ್ಕೆಲ್ಲ ನನ್ನ ದೂರಿಲ್ಲ. ನಾನು ಬರೆಯಬೇಕೆಂದಿರುವುದು ಮಾರ್ಗದರ್ಶಿಯ ವಿವರಣೆಯ ಬಗ್ಗೆ.

ಇಪ್ಪತ್ತೈದರ ಆಸುಪಾಸಿನ ಈ ಹುಡುಗ ಕನ್ನಡ, ಕೊಂಕಣಿ ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಾನೆ, ಮುದುಕರಿಗೆ ಕೈ ಕೊಟ್ಟು ಇಳಿಸುತ್ತಾನೆ. ಆದರೆ ಅವನಿಗೊಂದು ಸಿದ್ಧಾಂತವಿದೆ. ಪರದೇಶದ ಜನ ನಮ್ಮ ನಾಯಕರನ್ನು ಎಷ್ಟು ಇಷ್ಟಪಡುತ್ತಾರೋ ದೇಶಕ್ಕೆ ಅಷ್ಟೇ ಬೆಲೆ ಎಂಬುದನ್ನು ಅವನು ಪ್ರತಿ ನಿಲ್ದಾಣದಲ್ಲೂ, ಎದುರಿಗಿರುವುದು ಕಡಲಿರಲಿ ಕೋಟೆಯಿರಲಿ, ಹೇಳಿಯೇ ಮುಂದೆ ಹೋಗುತ್ತಾನೆ.

ಮೊದಲನೆಯದು ಟಾಗೋರ್ ಕಡಲತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ತಂಗಿದ್ದನ್ನು ಅವನು ಸೊಗಸಾಗಿ ಹೇಳಿದ. ಮುಂದೆ ಜಗತ್ತೇ ಅವರನ್ನು ಮೆಚ್ಚಿ ಎದೆಗೊತ್ತಿಕೊಂಡಿತು ಎಂದದ್ದು ಮಾತ್ರ ಅರ್ಧ ಕಥೆ. 1916ರಲ್ಲಿ ಜಪಾನಿಗೆ ಹೋದಾಗ ಅವರನ್ನು ಕಾಣಲು ಜನಸಾಗರವೇ ನೆರೆದಿತ್ತು; ಅಲ್ಲಿನ ರಾಷ್ಟ್ರೀಯತೆಯ ಅಮಲನ್ನು ಅವರ ಮುಖದ ಮೇಲೆಯೇ ಟೀಕಿಸಿದ ಬಳಿಕ ಆ ಉತ್ಸಾಹ ಇಳಿದು, ಬೀಳ್ಕೊಡಲು ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕವಿಯ ಪಾಡೇ ಹೀಗಾದರೆ ಪ್ರಧಾನಿಗಳದ್ದನ್ನು ಕೇಳಬೇಕೇ?

ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆ. ತಲೆ ತಗ್ಗಿಸಿ ನುಸುಳಬೇಕಾದ ಇಕ್ಕಟ್ಟಿನ ಹಾದಿಗಳು, ಮೇಲೆ ಕ್ಷಿಪಣಿಗಳನ್ನು ಹೊರುತ್ತಿದ್ದ ನಾಲ್ಕು ದೊಡ್ಡ ಗೂಡುಗಳು: ಇಷ್ಟನ್ನು ನೋಡುವುದಕ್ಕಾಗಿಯೇ ಈ ಪ್ರವಾಸಕ್ಕೆ ಬರಬಹುದು. ಇದೇ ನೌಕೆ 1971ರಲ್ಲಿ ಕರಾಚಿಯನ್ನು ಸುಟ್ಟಿತು ಎಂದು ಹುಡುಗ ಹೇಳಿದ. ಇದು ತಪ್ಪು. ಆ ವರ್ಷದ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದವು ನಿಪಾತ್, ನಿರ್ಘಾತ್ ಮತ್ತು ವೀರ್; ಅವೂ ಸೋವಿಯತ್ ದೇಶದಲ್ಲಿ ಕಟ್ಟಿದವೇ, ಚಾಪಲ್‌ಗೆ ದಾಯಾದಿಗಳು. ಚಾಪಲ್ ನಮ್ಮ ಪಡೆಗೆ ಸೇರಿದ್ದು 1976ರಲ್ಲಿ. ತಿದ್ದಿದ್ದಕ್ಕೆ ಅವನು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಅದು ಅವನ ದೊಡ್ಡತನ.

ಆಗ ನಮ್ಮ ಜೊತೆಗಿದ್ದ ಶಿರಸಿ ಕಡೆಯ ನಿವೃತ್ತ ಮಾಸ್ತರರೊಬ್ಬರು, "ಅಲ್ಲ ತಮಾ, ಆ ವರ್ಷ ನಿಕ್ಸನ್ನಿಗೆ ಇಂದಿರಾ ಗಾಂಧಿ ಇಷ್ಟವಾಗಿದ್ದರೇನು?" ಎಂದು ಕೇಳಿದರು. ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನವೆಂಬರಿನಲ್ಲಿ ಇಂದಿರಾ ವಾಷಿಂಗ್ಟನ್ನಿಗೆ ಹೋಗಿ ಮಾತನಾಡಿದ ಮರುದಿನವೇ ಅಮೆರಿಕದ ಅಧ್ಯಕ್ಷ ನಿಕ್ಸನ್ನೂ ಅವರ ಸಲಹೆಗಾರ ಕಿಸಿಂಜರೂ ಇಂದಿರಾ ಕುರಿತು ಆಡಿದ ಹೊಲಸು ಮಾತುಗಳು ಧ್ವನಿಮುದ್ರಣದಲ್ಲಿ ಉಳಿದುಬಿಟ್ಟಿವೆ. ಆ ಇಷ್ಟಕ್ಕಾಗಿ ಇಂದಿರಾ ಕಾಯಲೂ ಇಲ್ಲ. ಆಗಸ್ಟ್ 9ರಂದೇ ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡಿದ್ದರು, ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಗೆ ಬಂದರೂ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ ನಡೆದೇ ಹೋಯಿತು. ಇನ್ನೊಂದು ಕಡೆ, 'ಹಿಂದೀ ಚೀನೀ ಭಾಯಿ ಭಾಯಿ' ಎಂದು ಹಾರ ಹಾಕಿ ಕುಣಿದ ಪ್ರೀತಿ 1962ರ ಚೀನಾ ಯುದ್ಧದಲ್ಲಿ ಯಾವ ಉಪಯೋಗಕ್ಕೆ ಬಂತೆಂಬುದನ್ನು ಮಾಸ್ತರರ ಮುಂದೆ ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ದೇಶಕ್ಕೆ ಬೆಲೆ ತರುವುದು ಪರರ ಇಷ್ಟವಲ್ಲ, ಗೌರವ. ಹಾಗೆಂದು ಹೆದರಿಸುವುದನ್ನು ನಾನು ಗೌರವ ಎನ್ನುತ್ತಿಲ್ಲ. ಊಟದ ಹೊತ್ತಿಗೆ ಮಾಸ್ತರರು ತಾಷ್ಕೆಂಟಿನ ಮಾತು ತೆಗೆದರು. 1965ರ ಪಾಕಿಸ್ತಾನ ಯುದ್ಧದ ಕದನವಿರಾಮವಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. 1966ರ ಜನವರಿ 11ರಂದು ಶಾಸ್ತ್ರಿಯವರು ಅಲ್ಲಿ ತೀರಿಕೊಂಡಾಗ, ಯುದ್ಧ ಮಾಡಿದ್ದ ಪಾಕಿಸ್ತಾನದ ಅಯೂಬ್ ಖಾನರೇ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆ ಕುಳ್ಳಗಿನ ಮನುಷ್ಯನಿಂದ ಯಾರಿಗೂ ಭಯವಿರಲಿಲ್ಲ, ಅವರನ್ನು ಅಯೂಬರು ಇಷ್ಟಪಡುತ್ತಿದ್ದರೆಂದು ಹೇಳಲೂ ಆಗದು. ಆಡಿದ ಮಾತಿಗೆ ನಿಲ್ಲುವವರು ಎಂಬುದಷ್ಟೇ ಎದುರಾಳಿಗೆ ಮನವರಿಕೆಯಾಗಿತ್ತು.

ಕೊನೆಯ ನಿಲ್ದಾಣ ಮಿರ್ಜಾನ್ ಕೋಟೆ. ಚಿರೆಕಲ್ಲಿನ ಗೋಡೆಗಳ ಮೇಲೆ ಮಳೆಗಾಲದ ಹಾವಸೆ ಇನ್ನೂ ಹಸಿರಾಗಿತ್ತು, ಮೆಟ್ಟಿಲುಗಳು ಜಾರುತ್ತಿದ್ದವು. ಇಲ್ಲಿ ಹುಡುಗನ ವಿವರಣೆ ನಿಜಕ್ಕೂ ಚೆನ್ನಾಗಿತ್ತು, ಮತ್ತು ಅವನ ಸಿದ್ಧಾಂತವನ್ನು ಅವನ ಮಾತೇ ಮುರಿದು ಹಾಕಿತು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯ ಮೇಲೆ ಪೋರ್ಚುಗೀಸರು ಯುದ್ಧಕ್ಕೆ ಬಂದವರು. ಅವರೇ ತಮ್ಮ ಭಾಷೆಯಲ್ಲಿ ಅವಳನ್ನು 'ರೈನಾ ದ ಪಿಮೆಂಟಾ', ಅಂದರೆ ಕಾಳುಮೆಣಸಿನ ರಾಣಿ ಎಂದು ಕರೆದರು. ಮೆಣಸು ಬೆಳೆಯುವ ಘಟ್ಟ ಅವಳದು, ಅದನ್ನು ಹಡಗಿಗೆ ಏರಿಸುವ ಬಂದರೂ ಅವಳದು. ಅವಳನ್ನು ಲೆಕ್ಕಕ್ಕೆ ಹಿಡಿಯದೆ ಅವರ ವ್ಯಾಪಾರ ಸಾಗುವಂತಿರಲಿಲ್ಲ. ಪ್ರೀತಿಯಿಂದ ಇಟ್ಟ ಹೆಸರಲ್ಲ ಅದು.

ಕೋಟೆಗೆ ಕೊಡುವ ಮುಕ್ಕಾಲು ಗಂಟೆ ಸಾಲದು, ಕಡಲತೀರದ ಸಮಯವನ್ನು ಇಲ್ಲಿಗೆ ಸೇರಿಸಿದರೆ ಒಳ್ಳೆಯದು. ಹೋಗುವವರು ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ, ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಹುಡುಗ ಮರಳುವ ದಾರಿಯಲ್ಲಿ ನಿಪಾತ್, ನಿರ್ಘಾತ್, ವೀರ್ ಎಂಬ ಹೆಸರುಗಳನ್ನು ಮಾಸ್ತರರಿಂದ ಕೇಳಿ ಮೊಬೈಲಿನಲ್ಲಿ ಬರೆದುಕೊಂಡಿದ್ದಾನೆ. ಮುಂದಿನ ಭಾನುವಾರ ಹೋಗುವವರು ಚಾಪಲ್ ಮುಂದೆ ನಿಂತಾಗ ಅವನನ್ನು ಕೇಳಿ ನೋಡಬಹುದು.