ಕಾರವಾರದ ಉಪ್ಪುಗಾಳಿಯಲ್ಲಿ ಎಂಟು ವರ್ಷ: ನನ್ನ ಸಬ್‌ವೂಫರ್ ಮತ್ತು ಅದರ ಗುಂಯ್ ಸದ್ದು

ಈ ಸಬ್‌ವೂಫರ್, ಅಂದ್ರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಮನೆಗೆ ತಂದದ್ದು 2016ರ ದೀಪಾವಳಿಗೆ. ಹತ್ತು ಇಂಚಿನ ಡ್ರೈವರ್ (ಅದುರಿ ಸದ್ದು ಹೊರಡಿಸುವ ಭಾಗ), ಪೆಟ್ಟಿಗೆಯ ಒಳಗೇ ಆಂಪ್ಲಿಫೈಯರ್, ಹಿಂದೆ ಅಲ್ಯೂಮಿನಿಯಂ ತಗಡಿನ ಮೇಲೆ ವಾಲ್ಯೂಮ್, ಕ್ರಾಸ್‌ಓವರ್ ಮತ್ತು ಫೇಸ್ ಸ್ವಿಚ್. ಜೊತೆಗೆ ಒಂದು ಸ್ಟೀರಿಯೊ ಆಂಪ್ಲಿಫೈಯರ್, ಎರಡು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳಲಿಕ್ಕೆ ಹೊರಟಿರುವ ತೊಂದರೆ ಯಾವ ಕಂಪನಿಯ ಪೆಟ್ಟಿಗೆಗೂ ಬರಬಹುದು, ಅದಕ್ಕೇ.

ನಮ್ಮ ಮೂಲ ಮನೆ ಶಿರಸಿ ಕಡೆ. ಕೆಲಸದ ಸಲುವಾಗಿ ಕಾರವಾರಕ್ಕೆ ಬಂದು ಕೋಡಿಬಾಗದ ಹತ್ತಿರ ಇದ್ದೇವೆ. ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಕಿಟಕಿಯ ಸರಳಿಗೆ ವರ್ಷಕ್ಕೊಮ್ಮೆ ಬಣ್ಣ ಹೊಡೆಯದಿದ್ದರೆ ತುಕ್ಕು ಉದುರುತ್ತದೆ. ಅಂಥ ಗಾಳಿಯಲ್ಲಿ ಈ ಪೆಟ್ಟಿಗೆ ಎಂಟು ವರ್ಷ ಬಾಳಿದೆ. ಮನೆಯಲ್ಲಿ ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಭೀಮಸೇನ ಜೋಶಿಯವರ ಹಳೆಯ ರೆಕಾರ್ಡಿಂಗ್‌ಗಳೆಂದರೆ ನನಗೆ ಜೀವ. ರಾತ್ರಿ ಆಯಿಗೆ, ಅಂದ್ರೆ ಅಮ್ಮನಿಗೆ, ತಾಳಮದ್ದಳೆ ಬೇಕು. ಸಬ್‌ವೂಫರ್ ಅಂದ್ರೆ ಸಿನಿಮಾದ ಬಾಂಬ್ ಸದ್ದಿಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಆದರೆ ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಹೊರಡುವ ಆ ತುಂಬು ನಾದ, ತಂಬೂರಿಯ ಖರ್ಜದ ತಂತಿ, ಇವೆಲ್ಲ ಚಿಕ್ಕ ಸ್ಪೀಕರಿನಲ್ಲಿ ಅರ್ಧ ಮಾತ್ರ ಕೇಳುತ್ತವೆ. ಇದನ್ನು ಸೇರಿಸಿದ ಮೇಲೆ ಮದ್ದಳೆಗೆ ಹೊಟ್ಟೆ ಬಂತು. ಆ ವಿಷಯದಲ್ಲಿ ಮೊದಲ ದಿನದಿಂದ ಇವತ್ತಿನವರೆಗೆ ಇದರ ಮೇಲೆ ನನ್ನದು ಒಂದೇ ಒಂದು ದೂರಿಲ್ಲ.

ಸದ್ದು ಶುರುವಾದದ್ದು 2019ರ ಬೇಸಿಗೆಯಲ್ಲಿ. ಮೊದಲು ಗಮನಿಸಿದ್ದು ಆಯಿ. ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, "ಎಂತದಾ ಅಪಿ ಅದು? ಪೆಟ್ಟಿಗೆಯೊಳಗೆ ದುಂಬಿ ಹೊಕ್ಕಾಂಗೆ ಕೇಳ್ತು" ಅಂದಳು. ಹಳೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡ ರೆಕಾರ್ಡಿಂಗ್, ಅದರಲ್ಲೇ ಇರಬೇಕು ಅಂತ ನಾನು ಬಿಟ್ಟುಬಿಟ್ಟೆ. ಆಮೇಲೆ ಹಾಡು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಹಗಲು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ಫ್ಯಾನ್ ಆರಿಸಿದರೆ ಕೋಣೆ ತುಂಬ ಗುಂಯ್. ಗಾಯಕರ ಷಡ್ಜಕ್ಕೂ ಅದಕ್ಕೂ ಹೊಂದಾಣಿಕೆಯೇ ಇಲ್ಲ. ತಂಬೂರಿಯ ಪಕ್ಕದಲ್ಲಿ ಇನ್ನೊಬ್ಬರು ಬೇಸುರದ ತಂಬೂರಿ ಹಿಡಿದು ಕೂತ ಹಾಗೆ. ಸಂಗೀತ ಕೇಳುವವರಿಗೆ ಅದು ಎಷ್ಟು ಹಿಂಸೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ನಾನು ಮೊದಲು ದುಡ್ಡು ಹಾಕಿದ್ದು ಕೇಬಲ್ಲಿಗೆ. 1,800 ರೂಪಾಯಿಯ ದಪ್ಪ ಸಬ್‌ವೂಫರ್ ಕೇಬಲ್ ತರಿಸಿದೆ. ಸದ್ದು ಹಾಗೇ ಇತ್ತು. ಆಮೇಲೆ ಹೊಸ ಸ್ಪೈಕ್ ಬಸ್ಟರ್. ಅದರಿಂದಲೂ ಏನೂ ಆಗಲಿಲ್ಲ. ಒಬ್ಬ ಪರಿಚಯದವರು, ತ್ರೀ ಪಿನ್ನಿನ ಮೇಲಿನ ದಪ್ಪ ಪಿನ್ನನ್ನು ತೆಗೆದುಹಾಕಿ, ಸದ್ದು ತಕ್ಷಣ ನಿಲ್ಲುತ್ತದೆ ಅಂದರು. ನಿಲ್ಲುವುದು ನಿಜ. ಆದರೆ ಅದನ್ನು ದಯವಿಟ್ಟು ಯಾರೂ ಮಾಡಬೇಡಿ. ಆ ಪಿನ್ ಇರುವುದೇ ಹಿಂದಿನ ತಗಡಿಗೆ ಕರೆಂಟ್ ಇಳಿದರೆ ಅದು ನೆಲಕ್ಕೆ ಹೋಗಲಿ, ಮುಟ್ಟಿದವರ ಮೈಯಲ್ಲಿ ಹರಿಯದಿರಲಿ ಅಂತ. ಮಳೆಗಾಲದಲ್ಲಿ ನೆಲ ಬೆವರುವ ಊರು ನಮ್ಮದು. ಬರಿಗಾಲಲ್ಲಿ ಓಡಾಡುವ ಮನೆ. ಗುಂಯ್ ಸದ್ದು ಹೋಗಿಸಲಿಕ್ಕೆ ಮನೆಯವರ ಜೀವ ಪಣಕ್ಕಿಡುವುದೇ?

ಸುಳಿವು ಸಿಕ್ಕಿದ್ದು ಶಿರಸಿಯಲ್ಲಿ. ಮನೆಯಲ್ಲಿ ಒಂದು ಉಪನಯನ ಇತ್ತು. ಸಂಜೆ ಹಾಡು ಹಾಕಲಿಕ್ಕೆ ಇಡೀ ಸೆಟ್ಟನ್ನು ಕಾರಿನಲ್ಲಿ ಹೇರಿಕೊಂಡು ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿದೆ. ಜಗಲಿಯಲ್ಲಿ ಜೋಡಿಸಿ ಸ್ವಿಚ್ ಹಾಕಿದರೆ ಒಂದು ಚೂರೂ ಸದ್ದಿಲ್ಲ. ಬಟ್ಟೆಯ ಜಾಲರಿಗೆ ಕಿವಿ ಹಚ್ಚಿ ಕೇಳಿದೆ, ನಿಶ್ಶಬ್ದ. ಅದೇ ಪೆಟ್ಟಿಗೆ, ಅದೇ ಆಂಪ್ಲಿಫೈಯರ್, ಅದೇ ಕೇಬಲ್. ವಾಪಸ್ ಕಾರವಾರಕ್ಕೆ ತಂದು ಹಚ್ಚಿದ ಕೂಡಲೇ ದುಂಬಿ ಹಾಜರ್. ಹಾಗಾದರೆ ದೋಷ ಪೆಟ್ಟಿಗೆಯಲ್ಲಿಲ್ಲ, ಕಾರವಾರದ ಮನೆಯಲ್ಲಿದೆ.

ಆ ಭಾನುವಾರ ಕೂತು ಒಂದೊಂದೇ ವೈರು ಕಿತ್ತೆ. ಮೊದಲು ಸಬ್‌ವೂಫರಿನ ವಾಲ್ಯೂಮ್ ತಿರುಗಿಸಿದೆ. ಕಡಿಮೆ ಮಾಡಿದರೆ ಸದ್ದೂ ಕಡಿಮೆ, ಏರಿಸಿದರೆ ಜಾಸ್ತಿ. ಅಂದ್ರೆ ಸದ್ದು ಆ ವಾಲ್ಯೂಮಿಗಿಂತ ಮೊದಲೇ, ಹೊರಗಿನಿಂದ ಒಳಗೆ ಬರುತ್ತಿದೆ. ಹಿಂದಿನ ಆರ್‌ಸಿಎ ಪಿನ್ (ಆಂಪ್ಲಿಫೈಯರಿನಿಂದ ಬರುವ ಆಡಿಯೊ ವೈರಿನದು) ಕಿತ್ತೆ, ಸದ್ದು ಪೂರ್ತಿ ನಿಂತಿತು. ಅದನ್ನು ಮತ್ತೆ ಹಾಕಿ, ಟಿವಿಯಿಂದ ಆಂಪ್ಲಿಫೈಯರಿಗೆ ಬರುವ ವೈರು ಕಿತ್ತೆ. ಆಗಲೂ ನಿಂತಿತು. ಅದನ್ನೂ ಹಾಕಿ, ಸೆಟ್ ಟಾಪ್ ಬಾಕ್ಸಿನ ಹಿಂದಿನ ಕೇಬಲ್ ಟಿವಿಯ ದಪ್ಪ ಕಪ್ಪು ವೈರಿನ ಬಿರಡೆ ತಿರುಗಿಸಿ ತೆಗೆದೆ. ಟಿವಿ ಚಿತ್ರ ಹೋಯಿತು, ಜೊತೆಗೆ ಗುಂಯ್ ಕೂಡ ಹೋಯಿತು! ಆ ವೈರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಕ್ಸಿನ ಹತ್ತಿರ ತಂದೆ. ನಡುವಿನ ತಂತಿ ಇನ್ನೂ ತೂತಿನೊಳಗೆ ಹೋಗಿಲ್ಲ. ಹೊರಗಿನ ಲೋಹದ ಬಳೆ ಬರೀ ತಾಗಿತು, ಅಷ್ಟೇ. ಕೋಣೆಯ ಆ ಮೂಲೆಯಲ್ಲಿ ಸಬ್‌ವೂಫರ್ ಗುಂಯ್ ಅಂದಿತು. ತೆಗೆದರೆ ಸುಮ್ಮನಾಯಿತು. ಹತ್ತು ಸಲ ಹಾಗೆ ಮಾಡಿ ನೋಡಿದೆ.

ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಸಬ್‌ವೂಫರ್ ನಮ್ಮ ಮನೆಯ ಅರ್ಥಿಂಗಿಗೆ ಸೇರಿದೆ. ಕೇಬಲ್ ಟಿವಿ ವೈರಿನ ಹೊರಗಿನ ಹೆಣಿಗೆ ಎಲ್ಲೋ ದೂರದಲ್ಲಿ, ಬೇರೆ ಕಡೆ ನೆಲಕ್ಕೆ ಸೇರಿದೆ. ಎರಡು ನೆಲದ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಎರಡನ್ನೂ ನಮ್ಮ ಆಡಿಯೊ ವೈರುಗಳು ಜೋಡಿಸಿದ ಕೂಡಲೇ ಆ ವೈರುಗಳ ಹೊರಕವಚದಲ್ಲಿ 50 ಹರ್ಟ್ಜ್ (ಸೆಕೆಂಡಿಗೆ 50 ಸಲ ಅದುರುವ) ಕರೆಂಟ್ ಹರಿಯುತ್ತದೆ, ಅದೇ ಗುಂಯ್ ಆಗಿ ಕೇಳುತ್ತದೆ. ಚಿಕ್ಕ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ನುಡಿಸುವ ಶಕ್ತಿ ಕಡಿಮೆ. ಸಬ್‌ವೂಫರಿಗೆ ಅದೇ ಕೆಲಸ. ಹಾಗಾಗಿ ಬೈಗುಳವೂ ಅದಕ್ಕೇ ಬೀಳುತ್ತದೆ.

ಒಂದು ವಿಷಯ ಮಾತ್ರ ನನಗೆ ಬಗೆಹರಿದಿರಲಿಲ್ಲ. ಸದ್ದು ಮೇ ತಿಂಗಳಲ್ಲಿ ಜೋರು, ಮಳೆ ಹಿಡಿದು ಜುಲೈ ಬಂದರೆ ಮೆತ್ತಗೆ. ಥಂಡಿಗೆ ಹಾಳಾಗುವುದಾದರೆ ಮಳೆಗಾಲದಲ್ಲಿ ಜಾಸ್ತಿ ಆಗಬೇಕಿತ್ತಲ್ಲ? ಉತ್ತರ ಹೇಳಿದ್ದು ನಮ್ಮ ಓಣಿಯ ಎಲೆಕ್ಟ್ರಿಷಿಯನ್. ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆಯ್ತು ಮಾರಾಯ್ರೇ?" ನಾನು ಹಾಕಿರಲೇ ಇಲ್ಲ. ಗುಂಡಿ ಎಲ್ಲಿದೆ ಅಂತ ಮಾಲೀಕರಿಗೆ ಫೋನ್ ಮಾಡಿ ಕೇಳಬೇಕಾಯಿತು. ದಾಸವಾಳದ ಗಿಡದ ಹಿಂದೆ, ತೆಂಗಿನ ಗರಿಗಳ ಕೆಳಗೆ ಸಿಕ್ಕಿತು. ಎಲೆಕ್ಟ್ರಿಷಿಯನ್ 100 ವ್ಯಾಟಿನ ಬಲ್ಬನ್ನು ಫೇಸಿಗೂ ಅರ್ಥಿಗೂ ನಡುವೆ ಹಚ್ಚಿ ತೋರಿಸಿದರು. ಅರ್ಥಿಂಗ್ ಸರಿ ಇದ್ದರೆ ಝಗ್ ಅಂತ ಉರಿಯಬೇಕು. ನಮ್ಮದು ಸಾಯುವ ಕೆಂಡದ ಹಾಗೆ ಕೆಂಪಗೆ ಕಂಡಿತು, ಅಷ್ಟೇ. ಇದು ನಾವು ನೀವು ಮಾಡುವ ಪರೀಕ್ಷೆ ಅಲ್ಲ, ಬಲ್ಲವರಿಗೇ ಬಿಡಬೇಕು. ಗುಂಡಿಯೊಳಗೆ ಪೈಪಿಗೆ ಕಟ್ಟಿದ ತಂತಿ ಉಪ್ಪುಗಾಳಿಗೆ ತಿಂದುಹೋಗಿ ಹುರಿಯ ಎಳೆಯಷ್ಟು ಉಳಿದಿತ್ತು. ಬೇಸಿಗೆಯಲ್ಲಿ ಒಣಗಿದ ಮಣ್ಣಿನಲ್ಲಿ ಅದರ ಹಿಡಿತ ಇನ್ನೂ ಕಡಿಮೆ. ಮನೆಯ ಯಂತ್ರಗಳಿಂದ ಸೋರುವ ಸಣ್ಣ ಕರೆಂಟಿಗೆ ನಮ್ಮ ಗುಂಡಿಯ ದಾರಿ ಕಟ್ಟಿಹೋಗಿ, ಅದು ಕೇಬಲ್ ಟಿವಿ ವೈರಿನ ದಾರಿ ಹಿಡಿದಿತ್ತು. ಮಳೆಗೆ ಮಣ್ಣು ನೆನೆದರೆ ಅರ್ಥಿಂಗ್ ಸ್ವಲ್ಪ ಸುಧಾರಿಸುತ್ತದೆ, ಸದ್ದು ಇಳಿಯುತ್ತದೆ.

ಇದ್ದಿಲು, ಉಪ್ಪು ತುಂಬಿ, ಹೊಸ ತಂತಿ, ಹೊಸ ಕ್ಲಾಂಪ್ ಹಾಕಿಸಿದೆವು. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಕೂಡ. ಸಬ್‌ವೂಫರಿನ ಗುಂಯ್ ಇಲ್ಲದಿದ್ದರೆ ಇಡೀ ಮನೆ ಅರ್ಥಿಂಗ್ ಇಲ್ಲದೆ ಇನ್ನೆಷ್ಟು ದಿನ ಇರುತ್ತಿತ್ತೋ. ಗೀಸರ್, ವಾಷಿಂಗ್ ಮಷಿನ್ ಎಲ್ಲ ಅದೇ ಲೈನಿನ ಮೇಲಿದ್ದವು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಸದ್ದು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿಗೆ ಆಪ್ಟಿಕಲ್ ಕೇಬಲ್ ಹಾಕಿದೆ. ಟಿವಿಯಿಂದ ಬೆಳಕಿನ ರೂಪದಲ್ಲಿ ಸಿಗ್ನಲ್ ಬರುತ್ತದೆ. ಬೆಳಕಿನ ದಾರಿಯಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ, ಲೂಪ್ ಕಡಿದುಹೋಗುತ್ತದೆ. ಅದನ್ನು ಮತ್ತೆ ಮಾಮೂಲಿ ಆಡಿಯೊ ಮಾಡಲಿಕ್ಕೆ ಬೆಂಕಿಪೊಟ್ಟಣದಷ್ಟು ಚಿಕ್ಕ ಡ್ಯಾಕ್ ಡಬ್ಬಿ ಬೇಕು, ನನಗೆ 850 ರೂಪಾಯಿಗೆ ಸಿಕ್ಕಿತು. ಇದರಲ್ಲಿ ಎರಡು ಕಡೆ ಎಡವಿದೆ, ನೀವು ಎಡವಬೇಡಿ. ಟಿವಿ ಸೆಟ್ಟಿಂಗಿನಲ್ಲಿ ಆಡಿಯೊ ಔಟ್‌ಪುಟ್ ಪಿಸಿಎಂ (ಸಾದಾ ಡಿಜಿಟಲ್ ಸ್ಟೀರಿಯೊ) ಇರಬೇಕು, ಇಲ್ಲದಿದ್ದರೆ ನನ್ನ ಡಬ್ಬಿಯಂಥದ್ದಕ್ಕೆ ಅರ್ಥವೇ ಆಗುವುದಿಲ್ಲ. ಇನ್ನೊಂದು, ಡಬ್ಬಿಯ ಕರೆಂಟಿಗೆ ಅಂತ ಟಿವಿಯ ಯುಎಸ್‌ಬಿಯಲ್ಲೇ ವೈರು ಚುಚ್ಚಿದ್ದೆ. ಗುಂಯ್ ವಾಪಸ್ ಬಂತು! ಆಡಿಯೊ ದಾರಿ ಕಡಿದು, ಯುಎಸ್‌ಬಿ ವೈರಿನಲ್ಲಿ ಅದೇ ದಾರಿಯನ್ನು ನಾನೇ ಮತ್ತೆ ಕಟ್ಟಿಕೊಟ್ಟಿದ್ದೆ. ಹಳೆಯ ಮೊಬೈಲಿನ ಎರಡು ಪಿನ್ನಿನ ಚಾರ್ಜರಿಗೆ ಬದಲಾಯಿಸಿದ ಮೇಲೆ ಪೂರ್ತಿ ಶಾಂತ. ನಿಮ್ಮ ಟಿವಿಯಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ನಾನೂ ಅಗ್ಗದ್ದೊಂದು ತರಿಸಿ ನೋಡಿದ್ದೆ. ಗುಂಯ್ ಹೋಯಿತು, ಆದರೆ ಡಗ್ಗಾದ ತಳವೂ ಸ್ವಲ್ಪ ಸವೆಯಿತು. ನನ್ನ ಕಿವಿಗೆ ಒಪ್ಪಲಿಲ್ಲ.

ನಾಲ್ಕು ವರ್ಷ ನೆಮ್ಮದಿ. 2023ರ ಜುಲೈಯಲ್ಲಿ ಮತ್ತೆ ಸದ್ದು. ಈ ಸಲದ್ದು ಬೇರೆ. ವಾಲ್ಯೂಮ್ ಸೊನ್ನೆಗೆ ತಂದರೂ ಅಷ್ಟೇ, ಎಲ್ಲ ವೈರು ಕಿತ್ತರೂ ಅಷ್ಟೇ. ಸ್ವರವೂ ಒಂದು ಸ್ಥಾಯಿ ಮೇಲೆ. ಮೊಬೈಲಿನ ಟೋನ್ ಜನರೇಟರ್ ಆಪ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು 50, ಆಮೇಲೆ 100 ಹರ್ಟ್ಜ್ ಕೇಳಿದೆ. 100ಕ್ಕೆ ಸರಿಯಾಗಿ ಕೂತಿತು. ಗೋಡೆಯಿಂದ ಬರುವ 50 ಹರ್ಟ್ಜ್ ಕರೆಂಟನ್ನು ಒಳಗಿನ ರೆಕ್ಟಿಫೈಯರ್ ಡಿಸಿ ಮಾಡುವಾಗ ಅದು 100 ಹರ್ಟ್ಜಿನ ಅಲೆಯಾಗುತ್ತದೆ. ಆ ಅಲೆಯನ್ನು ಸಮ ಮಾಡುವುದು ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು. ಅವು ಸೋತರೆ ಅಲೆ ನೇರ ಸ್ಪೀಕರಿಗೆ ಹೋಗುತ್ತದೆ.

ಅಧಿಕೃತ ಸರ್ವಿಸ್ ಸೆಂಟರಿನವರು ಪೆಟ್ಟಿಗೆ ಬಿಚ್ಚಿಯೂ ನೋಡಲಿಲ್ಲ. ಬೋರ್ಡ್ ಬದಲಾಯಿಸಬೇಕು, ಈ ಮಾಡೆಲಿನದು ಈಗ ಬರುವುದಿಲ್ಲ, ಹೊಸದು ತಗೊಳ್ಳಿ ಅಂದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಹಳೆಯ ಅಂಗಡಿಗೆ ಒಯ್ದೆ. ಅವರು ತಗಡು ಬಿಚ್ಚಿ, ಮೊದಲು ಮೀಟರ್ ಹಿಡಿದು ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಹೊಡೆತ ಇರುತ್ತದೆ, ಮನೆಯಲ್ಲಿ ಬಿಚ್ಚುವವರು ಇದನ್ನು ಮರೆಯಬಾರದು. ಆಮೇಲೆ ನನ್ನ ಬೆರಳು ಹಿಡಿದು ಎರಡು ಕೆಪಾಸಿಟರಿನ ತಲೆಯ ಮೇಲೆ ಸವರಿಸಿದರು. ಸಪಾಟಾಗಿ ಇರಬೇಕಾದ್ದು ಉಬ್ಬಿತ್ತು. ಬುಡದಲ್ಲಿ ಕಂಪನಿಯವರು ಹಾಕಿದ್ದ ಅಂಟು ಕಾದು ಕಾದು ಕಂದು ಬಣ್ಣಕ್ಕೆ ತಿರುಗಿತ್ತು. 4,700 ಮೈಕ್ರೊಫ್ಯಾರಡ್, 50 ವೋಲ್ಟ್, 85 ಡಿಗ್ರಿ ಬಿಸಿಯವರೆಗೆ ತಡೆಯುವಂಥದ್ದು. ಅದೇ ಮೈಕ್ರೊಫ್ಯಾರಡ್‌ನ 63 ವೋಲ್ಟ್, 105 ಡಿಗ್ರಿಯದು ಹಾಕಿದರು. ಆರ್‌ಸಿಎ ತೂತುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಅದನ್ನೂ ಉಜ್ಜಿ ತೆಗೆದರು. ಎಲ್ಲ ಸೇರಿ 650 ರೂಪಾಯಿ. ಇಂಥ ಕೆಪಾಸಿಟರಿನ ಬಿಸಿ ಹತ್ತು ಡಿಗ್ರಿ ಇಳಿದರೆ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ ಅನ್ನುವ ಲೆಕ್ಕ ಇದೆ. ನಾನು ಏಳು ವರ್ಷ ಆಟೊ ಸ್ಟ್ಯಾಂಡ್‌ಬೈ ನಂಬಿ ಹಗಲು ರಾತ್ರಿ ಕರೆಂಟಿನ ಮೇಲೇ ಬಿಟ್ಟಿದ್ದೆ, ತಗಡು ಯಾವಾಗಲೂ ಬೆಚ್ಚಗಿರುತ್ತಿತ್ತು. ಈಗ ಕೇಳಿ ಮುಗಿದ ಮೇಲೆ ಗೋಡೆಯ ಸ್ವಿಚ್ಚೇ ಆರಿಸುತ್ತೇನೆ.

ಉಳಿದ ವಿಷಯ. ಡ್ರೈವರಿನ ಅಂಚು ರಬ್ಬರಿನದು, ಎಂಟು ವರ್ಷಕ್ಕೂ ಬಿರುಕಿಲ್ಲ. ಫೋಮ್ ಅಂಚಿನದನ್ನು ಈ ಹವೆಯಲ್ಲಿ ತೆಗೆದುಕೊಳ್ಳಬೇಡಿ, ಪುಡಿಯಾಗುತ್ತದೆ. ಪೆಟ್ಟಿಗೆ ಎಂಡಿಎಫ್‌ನದು, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ. ನೆಲದ ಥಂಡಿಗೆ ಕೆಳಗಿನ ಒಂದು ಅಂಚು ಊದಿಕೊಂಡಿದೆ. ಎರಡನೇ ಮಳೆಗಾಲದಲ್ಲೇ ಕೆಳಗೆ ಗ್ರಾನೈಟ್ ತುಂಡು ಇಟ್ಟೆ, ಆಮೇಲೆ ಹೆಚ್ಚಾಗಲಿಲ್ಲ. ಗಾಳಿ ಹೋಗುವ ತೂತಿನಲ್ಲಿ ಒಮ್ಮೆ ಹಲ್ಲಿ ಮೊಟ್ಟೆ ಇಟ್ಟಿತ್ತು, ಅಲ್ಲಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಮಳೆಗಾಲದಲ್ಲಿ ಕರೆಂಟ್ ಹೋದಾಗ ಅದರ ಮೇಲೆ ಓಡಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರೇ ಗರ್ರ್ ಅನ್ನುತ್ತದೆ. ಅದು ಸ್ಪೀಕರಿನಿಂದ ಬರುವ ಸದ್ದಲ್ಲ, ಕಬ್ಬಿಣ ನಡುಗುವ ಸದ್ದು. ಆಗ ಸಬ್‌ವೂಫರ್ ಆರಿಸಿ ಚಿಕ್ಕ ಸ್ಪೀಕರಿನಲ್ಲೇ ಕೇಳುತ್ತೇವೆ.

ಪೆಟ್ಟಿಗೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಕಂಪನಿಯ ಸರ್ವಿಸಿಗೆ ಒಂದು. ಏಪ್ರಿಲ್ ಬಂತು ಅಂದ್ರೆ ಈಗ ವಾರಕ್ಕೊಮ್ಮೆ ಎರಡು ಕೊಡ ನೀರು ದಾಸವಾಳದ ಹಿಂದಿನ ಗುಂಡಿಗೆ. ನಾನು ಮರೆತರೆ ಆಯಿ ಹಾಕುತ್ತಾಳೆ.